ನಲವತ್ತೊಂದನೇ ಕುರಿ

ಕುರಿ ಸಂಶೋಧನೆಯ ಫಾರ್ಮಿನ ಮೊದಲ ಭೇಟಿಯಲ್ಲಿ ನಾನು ಅವರನ್ನು ಅರ್ಧ ಗಂಟೆ ಸಂದರ್ಶನ ಮಾಡಿದೆ. ಪ್ರತಿ ಪ್ರಶ್ನೆಯ ಬಾಲಕ್ಕೂ ಒಂದು ‘ಸರ್’ ಕಟ್ಟಿದೆ. ಮೊಣಕಾಲಿನವರೆಗೆ ಇಳಿದ ಬಿಳಿ ಕೋಟು, ಜೇಬಿನಲ್ಲಿ ಥರ್ಮಾಮೀಟರು, ಹಿಂದೆ ಸಾಲಾಗಿ ಹತ್ತು ಕುರಿಮರಿ. ಇಷ್ಟೆಲ್ಲ ಇರುವ ಮನುಷ್ಯ ಕಡಿಮೆಯೆಂದರೂ ಮುಖ್ಯ ವಿಜ್ಞಾನಿ ಆಗಿರಲೇಬೇಕು ಎಂದು ನಾನು ಲೆಕ್ಕ ಹಾಕಿಬಿಟ್ಟಿದ್ದೆ. ಅವರೂ ಕೇಳಿದ್ದಕ್ಕೆಲ್ಲ ಸಮಾಧಾನವಾಗಿ, ಚುಟುಕಾಗಿ ಉತ್ತರ ಕೊಟ್ಟರು. ಮರಿ ದಿನಕ್ಕೆಷ್ಟು ತೂಕ ಏರಬೇಕು, ಏರದಿದ್ದರೆ ಮೊದಲು ಎಲ್ಲಿ ಮುಟ್ಟಿ ನೋಡಬೇಕು, ಹಾಲು ಎಷ್ಟು ಬೆಚ್ಚಗಿರಬೇಕು ಎಲ್ಲವನ್ನೂ ಬರೆದುಕೊಂಡೆ. ಕೊನೆಗೆ ಅವರು “ಸಾರ್, ಸ್ವಲ್ಪ ಕಾಲೆತ್ತಿ” ಅಂದರು. ಎತ್ತಿದೆ. ಮೂಲೆಯಿಂದ ಪೊರಕೆ ತಂದು ನನ್ನ ಕುರ್ಚಿಯ ಕೆಳಗಿದ್ದ ಹಿಕ್ಕೆಯನ್ನು ಗುಡಿಸಿಕೊಂಡು ಹೋದರು.

ಐದು ನಿಮಿಷಕ್ಕೆ ನಿಜವಾದ ಮುಖ್ಯಸ್ಥರು ಬಂದರು. ಬಣ್ಣ ಮಾಸಿದ ಸ್ವೆಟರು ಹಾಕಿಕೊಂಡಿದ್ದ ಅವರನ್ನು ನಾನು ಪೈಪು ರಿಪೇರಿಗೆ ಬಂದವರು ಎಂದುಕೊಂಡು ನಲ್ಲಿಯ ಕಡೆ ಕೈ ತೋರಿಸಿದೆ. ಒಂದೇ ಬೆಳಿಗ್ಗೆ ಎರಡು ಸಲ ಮುಗ್ಗರಿಸುವ ಯೋಗ ಎಲ್ಲರಿಗೂ ಬರುವುದಿಲ್ಲ.

ಕೋಟಿನ ಕತೆ ಆಮೇಲೆ ತಿಳಿಯಿತು. ಮೊದಲು ಎಲ್ಲರೂ ಬಿಳಿ ಕೋಟೇ ತೊಡುತ್ತಿದ್ದರಂತೆ. ಬಕೆಟ್ ಹಾಲು ಕುಡಿಯುವ ಮರಿಗಳಿಗೆ ಬಿಳಿ ಕೋಟು ಕಂಡರೆ ಊಟ ಬಂತು ಎಂದೇ ಅರ್ಥ. ಮುಖ್ಯಸ್ಥರು ಒಳಗೆ ಕಾಲಿಟ್ಟ ತಕ್ಷಣ ಹತ್ತೂ ಮುತ್ತಿಕೊಂಡು ಕೋಟಿನ ಅಂಚು ಚೀಪತೊಡಗುತ್ತಿದ್ದವು. ಮೇಲಿನ ಕಚೇರಿಯಿಂದ ಬಂದ ಅತಿಥಿಗಳ ಮುಂದೆ ಒಂದು ದಿನ ಗುಂಡಿಯೇ ಕಿತ್ತುಬಂತು. ಮಾರನೆಯ ದಿನದಿಂದ ಕೋಟು ಒಬ್ಬರಿಗೆ ಮಾತ್ರ ಎಂದು ಆದೇಶವಾಯಿತು. ಆ ಒಬ್ಬರೇ ನಾನು ‘ಸರ್’ ಅಂದವರು, ಮರಿಗಳಿಗೆ ಹಾಲು ಕುಡಿಸುವವರು.

ಅವರನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಫಾರ್ಮಿನಲ್ಲಿ ಹಾಲು ಕೊಡುವ ಕುರಿಗಳು ನಲವತ್ತು. ಒಂದರಿಂದ ನಲವತ್ತರವರೆಗೆ ಕಿವಿಗೆ ನಂಬರು ಬಿಲ್ಲೆ. ಹಾಲು ಕುಡಿಸುವ ಇವರು ನಲವತ್ತೊಂದು. ಕಾವಲುಗಾರ ಇಟ್ಟ ಹೆಸರು ಅದು. ಬೇರೆಯವರಾಗಿದ್ದರೆ ಮುಖ ದಪ್ಪ ಮಾಡಿಕೊಳ್ಳುತ್ತಿದ್ದರು. ಇವರು, “ಅವು ನಲವತ್ತಕ್ಕೂ ಬಿಲ್ಲೆ ಕೊಟ್ರಿ, ನಂಗೇ ಯಾಕೆ ಇಲ್ಲ?” ಎಂದು ಕಿವಿ ತೋರಿಸಿದರಂತೆ. ನಾನೂ ಅವರನ್ನು ಹಾಗೆಯೇ ಕರೆಯುತ್ತೇನೆ.

ನಾನು ಅಲ್ಲಿಗೆ ಹೋದದ್ದು ಒಂದು ಕಿರುಪುಸ್ತಕ ಬರೆಯಲು. ಪ್ರಯೋಗದ ಫಲಿತಾಂಶವನ್ನು ಸರಳ ಭಾಷೆಯಲ್ಲಿ ಹೇಳುವವರು ಬೇಕು ಅಂದಿದ್ದರು. ಸರಳ ಭಾಷೆ ಅಂದರೆ ನನ್ನ ಸ್ವಂತ ಆಸ್ತಿ ಎಂದು ನಾನು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ ಕಾಲ ಅದು. ಮುಖ್ಯಸ್ಥರನ್ನು ಎಲ್ಲರೂ ಡಾಕ್ಟರು ಅನ್ನುತ್ತಿದ್ದರು. ಪ್ರಾಣಿಗಳ ಬೆಳವಣಿಗೆಯ ಮೇಲೆ ದಪ್ಪ ಗ್ರಂಥ ಬರೆದು ಪಡೆದ ಪದವಿ ಅದು. ಹಾಗಿದ್ದರೂ ಕಾವಲುಗಾರ ದಿನಾ ಮೊಣಕಾಲು ನೋವಿಗೆ ಏನು ಮಾಡಲಿ ಎಂದು ಕೇಳುತ್ತಿದ್ದ. ನಾನು ಆ ಡಾಕ್ಟರಲ್ಲಪ್ಪಾ ಎಂದು ಅವರು ದಿನಾ ರೇಗುತ್ತಿದ್ದರು, ರೇಗಿದ ಮೇಲೆ ಬಿಸಿನೀರಿನ ಶಾಖ ಕೊಡು ಅನ್ನುತ್ತಿದ್ದರು.

ಹಾಲಿನ ತಳಿಯ ಕುರಿ ಸಾಕುವವರ ಪೀಕಲಾಟ ಏನೆಂದು ಡಾಕ್ಟರೇ ನನಗೆ ಕೋಲು ಹಿಡಿದು ವಿವರಿಸಿದರು. ಕುರಿ ಹಾಲು ಕೊಡಬೇಕಾದರೆ ಮರಿ ಹಾಕಬೇಕು. ಹೆಣ್ಣುಮರಿ ಹಿಂಡು ಸೇರುತ್ತದೆ, ಗಂಡುಮರಿ ಮಾಂಸಕ್ಕೆ ಹೋಗುತ್ತದೆ. ಮಾಂಸ ಬೆಳೆಯಲು ಮರಿ ಹಾಲು ಕುಡಿಯಬೇಕು. ಮರಿ ಕುಡಿದ ಹಾಲು ಚೀಸ್ ಆಗುವುದಿಲ್ಲ. ಇರುವುದು ಒಂದೇ ಕೆಚ್ಚಲು, ಕಾದು ನಿಂತಿರುವ ಬಾಯಿ ಎರಡು.

ಆ ಫಾರ್ಮಿನಲ್ಲಿ ಇಪ್ಪತ್ತಾರು ವರ್ಷ ಇದಕ್ಕೊಂದು ರಾಜಿ ನಡೆದು ಬಂದಿತ್ತು. ಹಾಲು ಕರೆಯುವ ಕೋಣೆಗೂ ಮರಿಗಳ ಕೊಟ್ಟಿಗೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಮರದ ಬಾಗಿಲು. ಸಂಜೆ ಮರಿಗಳನ್ನು ಈಚೆ ಹಾಕಿ ಬಾಗಿಲು ಮುಚ್ಚುವುದು. ಬೆಳಗಾಗುವಷ್ಟರಲ್ಲಿ ತುಂಬಿದ ಕೆಚ್ಚಲನ್ನು ಕರೆದು ಚೀಸ್ ಕೋಣೆಗೆ ಕಳಿಸುವುದು. ಒಂಬತ್ತಕ್ಕೆ ಬಾಗಿಲು ತೆಗೆಯುವುದು. ಆಮೇಲೆ ಸಂಜೆಯವರೆಗೆ ಹಾಲೆಲ್ಲ ಮರಿಗಳದ್ದು. ಇಪ್ಪತ್ತಾರು ವರ್ಷವೂ ಆ ಬಾಗಿಲ ಅಗುಳಿ ಎಳೆದವರು ನಲವತ್ತೊಂದು. ಅಗುಳಿಯ ಮರ ಅವರ ಅಂಗೈಯ ಆಕಾರಕ್ಕೆ ಸವೆದಿತ್ತು.

ನಾನು ಅದನ್ನು ಒಂದು ಸಲ ನಿಂತು ನೋಡಿದೆ. ಬಾಗಿಲು ತೆಗೆದ ಕೂಡಲೇ ತಾಯಂದಿರೂ ಮರಿಗಳೂ ಒಟ್ಟಿಗೆ ಕೂಗುತ್ತ ಒಂದರ ಮೇಲೊಂದು ಬೀಳುತ್ತವೆ. ಮರಿ ತಪ್ಪು ತಾಯಿಯ ಕೆಳಗೆ ನುಗ್ಗಿ ಒದೆ ತಿನ್ನುತ್ತದೆ, ತಾಯಿ ತಪ್ಪು ಮರಿಯನ್ನು ಮೂಸಿ ಮೂತಿ ತಿರುವುತ್ತದೆ. ಮೂರು ನಿಮಿಷ ಸಂತೆಯ ಗದ್ದಲ. ನೋಡನೋಡುತ್ತಿದ್ದ ಹಾಗೆ ಎಲ್ಲ ನಿಂತುಹೋಗುತ್ತದೆ. ಚೀಪುವ ಸದ್ದು ಬಿಟ್ಟರೆ ಬೇರೇನಿಲ್ಲ. ನಲವತ್ತೊಂದು ಅಲ್ಲಿಯವರೆಗೂ ಅಗುಳಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. “ಇದು ಕೇಳಿದ ಮೇಲೇ ಸಾರ್ ನಂಗೆ ಬೆಳಗಾಗೋದು” ಅಂದರು.

ಆ ವರ್ಷ ಮೇಲಿನ ಕಚೇರಿಯಿಂದ ಒಂದು ಪತ್ರ ಬಂದಿತ್ತು. ಚೀಸ್‌ಗೆ ಹಾಲು ಸಾಲುತ್ತಿಲ್ಲ, ಮರಿಗಳನ್ನು ಬೇರೆ ರೀತಿಯಲ್ಲಿ ಬೆಳೆಸಲಾಗುವುದೇ ನೋಡಿ ಎಂದು. ಡಾಕ್ಟರು ಮೂವತ್ತು ಗಂಡುಮರಿಗಳನ್ನು ಆರಿಸಿ, ಹತ್ತರಂತೆ ಮೂರು ಗುಂಪು ಮಾಡಿ, ಬೆನ್ನಿಗೆ ಬಣ್ಣ ಬಳಿದರು. ಕೆಂಪು ಗುಂಪು ಹಗಲೂ ರಾತ್ರಿ ತಾಯಿಯ ಜೊತೆ. ಹಳದಿ ಗುಂಪು ಹಳೆಯ ಪದ್ಧತಿಯಂತೆ, ಒಂಬತ್ತು ಗಂಟೆಯ ಬಾಗಿಲಿನ ಮೂಲಕ. ನೀಲಿ ಗುಂಪು ಎರಡು ದಿನ ಗಿಣ್ಣುಹಾಲು ಕುಡಿದ ಮೇಲೆ ತಾಯಿಯ ಮುಖ ನೋಡುವ ಹಾಗಿಲ್ಲ. ಅದಕ್ಕೆ ಬಿಸಿನೀರಿನಲ್ಲಿ ಕಲಸಿದ ಹಾಲಿನ ಪುಡಿ, ರಬ್ಬರ್ ತೊಟ್ಟು ಸಿಗಿಸಿದ ಬಕೆಟ್ಟು. ನಲವತ್ತೈದನೆಯ ದಿನ ಮೂರೂ ಗುಂಪನ್ನು ತೂಗಿ, ಕೊಯ್ದು, ಮಾಂಸ ತೂಗುವುದು. ನೀಲಿ ಮರಿಗಳ ಸರಾಸರಿ ತೂಕ ಹಳದಿಗಿಂತ ಒಂದು ಕಿಲೋಗಿಂತ ಹೆಚ್ಚು ಹಿಂದೆ ಬೀಳದಿದ್ದರೆ ಮುಂದಿನ ಸಲದಿಂದ ಗಂಡು, ಹೆಣ್ಣು ಎನ್ನದೆ ಎಲ್ಲ ಮರಿಗಳೂ ಬಕೆಟ್ಟಿಗೆ. ಬಾಗಿಲಿಗೆ ಇಟ್ಟಿಗೆ.

ನೀಲಿ ಗುಂಪಿಗೆ ಪಳಗಿದ ಕೈ ಬೇಕಾಗಿತ್ತು. ಪಳಗಿದ ಕೈ ಇದ್ದದ್ದು ಒಬ್ಬರಿಗೇ. ಬಾಗಿಲು ಉಳಿಯಬೇಕೆಂದು ಎಲ್ಲರಿಗಿಂತ ಹೆಚ್ಚು ಆಸೆ ಇದ್ದ ಮನುಷ್ಯನ ಕೈಗೇ ಡಾಕ್ಟರು ಬಕೆಟ್ ಕೊಟ್ಟರು. ಇದರಲ್ಲಿ ಅವರಿಗೆ ಏನೂ ವಿಚಿತ್ರ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕಾಣಲಿಲ್ಲ. ಕಂಡದ್ದು ನಲವತ್ತೊಂದರ ಹೆಂಡತಿಗೆ.

ಆಕೆ ಗೋಡೆಯ ಆಚೆ ಕುರಿಗಳ ಹಾಲು ಕರೆಯುವವರು. ಮರಿ ಕಳೆದುಕೊಂಡ ನೀಲಿ ಗುಂಪಿನ ತಾಯಂದಿರು ಮೂರು ದಿನ ಗೋಡೆಗೆ ಮುಖ ಮಾಡಿ ಕೂಗಿ, ನಾಲ್ಕನೆಯ ದಿನ ಗಂಟಲು ಕಟ್ಟಿಸಿಕೊಂಡು ಆಕೆಯ ಮುಂದೆ ಬಂದು ನಿಂತವು. ಆಚೆ ಆಕೆ ನಿಜವಾದ ಹಾಲು ಕರೆದು ಕಳಿಸುವುದು, ಈಚೆ ಗಂಡ ಪುಡಿ ಕಲಸುವುದು. “ನಮ್ಮಿಬ್ಬರನ್ನ ಒಟ್ಟಿಗೆ ಸೇರಿಸಿದ್ರೆ ಒಂದು ಕುರಿ ಆಗುತ್ತೆ, ಸಂಬಳ ಮಾತ್ರ ಎರಡು” ಎಂದು ಆಕೆ ನನಗೆ ಚಹಾ ಕೊಡುತ್ತ ಹೇಳಿದರು. ಆಮೇಲೆ ಗಂಡನ ಕಡೆ ತಿರುಗಿ ಸ್ವಲ್ಪ ಗಟ್ಟಿಯಾಗಿಯೇ ಅಂದರು: “ರೀ, ಚೀಟೀಲಿ ಬರೆದಷ್ಟು ಮಾಡಿ. ಅದಕ್ಕಿಂತ ಒಂದು ಚಮಚ ಜಾಸ್ತಿ ಮಾಡಬೇಡಿ. ಮಾಡಿದ್ರೆ ಆ ಬಾಗಿಲು ಹೋಯ್ತು ಅಂತಲೇ ತಿಳ್ಕೊಳ್ಳಿ.”

ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿದ್ದದ್ದು ದಿನಕ್ಕೆ ನಾಲ್ಕು ಸಲ, ಅಳತೆಯ ಹಾಲು, ಅಳತೆಯ ಬಿಸಿ. ಅಷ್ಟೇ ಮಾಡಿದ್ದರೆ ಏನಾಗುತ್ತಿತ್ತು ಎಂಬುದು ಮೂರನೆಯ ವಾರದ ತೂಕದಲ್ಲಿ ಕಂಡಿತ್ತು. ಬಟ್ಟೆಯ ಜೋಲಿಯಲ್ಲಿ ಮರಿಯನ್ನಿಟ್ಟು ತಕ್ಕಡಿಗೆ ನೇತುಹಾಕಿದಾಗ ಕೆಂಪು ಒಂಬತ್ತೂವರೆ ಕಿಲೋ, ಹಳದಿ ಒಂಬತ್ತರ ಹತ್ತಿರ, ನೀಲಿ ಏಳೂಕಾಲು. ಡಾಕ್ಟರ ಮುಖ ಸಪ್ಪೆಯಾಯಿತು. ನಲವತ್ತೊಂದರ ಮುಖ ಅರಳಬೇಕಿತ್ತು. ಅವರು ಮರಿಗಳ ಪಕ್ಕೆ ಮುಟ್ಟಿ ನೋಡುತ್ತ, ತೂಕ ಕೇಳಿಸಿಕೊಂಡವರ ಹಾಗೆಯೂ ಕಾಣಲಿಲ್ಲ.

ಆ ವಾರ ಅವರು ಬಕೆಟ್ಟನ್ನು ಒಂದು ಗೇಣು ಎತ್ತರಕ್ಕೆ ಕಟ್ಟಿದರು. ಕೆಚ್ಚಲಿಗೆ ಬಾಯಿ ಹಾಕುವಾಗ ಮರಿ ಕತ್ತು ಚಾಚುತ್ತದೆ, ಚಾಚಿದರೆ ಹಾಲು ಹೋಗಬೇಕಾದ ಜಾಗಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತದೆ. ಇದು ಚೀಟಿಯಲ್ಲಿ ಇರಲಿಲ್ಲ. ಕುಡಿಯಲೊಲ್ಲದ ಮರಿಯ ಬಾಲದ ಬುಡವನ್ನು ಎರಡು ಬೆರಳಲ್ಲಿ ಕೆರೆಯತೊಡಗಿದರು. ಮರಿ ಕುಡಿಯುವಾಗ ತಾಯಿ ಅಲ್ಲೇ ಮೂಸುತ್ತದಂತೆ, ಮೂಸಿದರೆ ಬಾಲ ಆಡುತ್ತದೆ, ಬಾಲ ಆಡಿದರೆ ಹಾಲು ಇಳಿಯುತ್ತದೆ. ಇದೂ ಚೀಟಿಯಲ್ಲಿ ಇರಲಿಲ್ಲ. ಹತ್ತು ಮರಿ, ಹತ್ತು ಬಾಲ, ಎರಡೇ ಕೈ. ಒಂದು ಮರಿಯ ಬಾಲ ಕೆರೆದು ಮುಗಿಯುವಷ್ಟರಲ್ಲಿ ಉಳಿದವು ಅವರ ಕೋಟಿನ ಜೇಬು ಚೀಪಿ ತೊಪ್ಪೆ ಮಾಡಿರುತ್ತಿದ್ದವು.

ಎಲ್ಲಕ್ಕಿಂತ ಕಷ್ಟದ್ದು ಒಂಬತ್ತು ಗಂಟೆ. ಹಳದಿ ಗುಂಪಿಗಾಗಿ ಬಾಗಿಲು ತೆಗೆದಾಗ ಆ ಗದ್ದಲ ನೀಲಿ ಮರಿಗಳಿಗೂ ಕೇಳುತ್ತಿತ್ತು. ಅವೂ ಎದ್ದು ಕಟಕಟೆಗೆ ಎದೆ ಕೊಟ್ಟು ಕೂಗುತ್ತಿದ್ದವು. ಅದಕ್ಕೆ ನಲವತ್ತೊಂದು, ಡಾಕ್ಟರಿಗೆ ಹೇಳಿಯೇ, ದಿನದ ಹಾಲನ್ನು ನಾಲ್ಕರ ಬದಲು ಐದು ಪಾಲು ಮಾಡಿ ಐದನೆಯ ಪಾಲನ್ನು ಸರಿಯಾಗಿ ಒಂಬತ್ತಕ್ಕೆ ಇಟ್ಟರು. ಬಾಗಿಲ ಸದ್ದು ಆಗುವಾಗ ಅವುಗಳ ಬಾಯಲ್ಲಿ ಏನಾದರೂ ಇರಲಿ ಎಂದು. ಅಗುಳಿ ಎಳೆಯುವ ಕೆಲಸವನ್ನು ಕಾವಲುಗಾರನಿಗೆ ಒಪ್ಪಿಸಿದರು. ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.

ಐದನೆಯ ವಾರದ ಹೊತ್ತಿಗೆ ನೀಲಿ ಮರಿಗಳ ಪಕ್ಕೆ ತುಂಬಿಕೊಂಡಿತು. ಹಳದಿಗೂ ಅವಕ್ಕೂ ಇದ್ದ ಅಂತರ ಒಂದೂಕಾಲು ಕಿಲೋಗೆ ಇಳಿಯಿತು. ಡಾಕ್ಟರು ಸಿಳ್ಳೆ ಹಾಕುತ್ತ ತಿರುಗಾಡಿದರು. ಆಗ ಹೆಂಡತಿ ಗಂಡನನ್ನು ಹಾಲು ಕರೆಯುವ ಕೋಣೆಗೆ ಕರೆದು ಏನೋ ಅಂದರು. ಏನೆಂದು ನನಗೆ ಕೇಳಲಿಲ್ಲ. ಅವರು ವಾಪಸು ಬಂದು, ಇವತ್ತಿನಿಂದ ಚೀಟೀಲಿ ಇದ್ದಷ್ಟೇ ಎಂದು ನನಗೆ ತಿಳಿಸಿದರು. ಪ್ರಮಾಣವಚನ ತೆಗೆದುಕೊಂಡ ಮಂತ್ರಿಯ ಹಾಗಿತ್ತು ಮುಖ.

ಮಾರನೆಯ ಬೆಳಿಗ್ಗೆ ಆ ವ್ರತ ಹೇಗೆ ನಡೆಯಿತೆಂದು ಕಣ್ಣಾರೆ ಕಂಡೆ. ಒಂಬತ್ತಕ್ಕೆ ಬಾಗಿಲು ತೆಗೆಯಿತು. ಈಚೆ ಹತ್ತೂ ಮರಿ ಕೂಗಿಕೊಂಡವು. ನಲವತ್ತೊಂದು ಕೊಟ್ಟಿಗೆಯ ಹೊರಗೆ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ನಾನು ಹವಾಮಾನದ ಬಗ್ಗೆ ಏನೋ ಅಂದೆ. ಆಚೆಯ ಗದ್ದಲ ಎಂದಿನಂತೆ ಮೂರು ನಿಮಿಷಕ್ಕೆ ಮುಗಿಯಿತು. ಈಚೆಯದು ಮುಗಿಯಲಿಲ್ಲ. ಅವರು ಕೂತೇ ಇದ್ದರು. ಮರಿಗಳ ಕೂಗನ್ನು ಅವರು ಹೇಗೋ ಸಹಿಸಿಕೊಂಡರು. ಆಮೇಲೆ ಹತ್ತರಲ್ಲಿ ಒಂದು ದನಿ, ಎಲ್ಲಕ್ಕಿಂತ ಸಣ್ಣದು, ನಿಂತುಹೋಯಿತು. ಅವರು ತಲೆಯೆತ್ತಿದರು. ಎದ್ದರು. ಬಕೆಟ್ಟನ್ನು ಮೇಲುಮುಖ ಮಾಡಿಕೊಂಡು ಬಿಸಿನೀರಿನ ಕಡೆಗೆ ಹೋದರು.

ಗೋಡೆಯ ಆಚೆಯಿಂದ ಹೆಂಡತಿಯ ದನಿ ಬಂತು: “ಹನ್ನೊಂದು ನಿಮಿಷ. ನಾನು ಐದು ಅಂದ್ಕೊಂಡಿದ್ದೆ.”

ಆಕೆ ಮತ್ತೆ ಆ ವಿಷಯ ಎತ್ತಲಿಲ್ಲ.

ಈಗ ನಾನು ನನ್ನ ಪಾತ್ರಕ್ಕೆ ಬರಬೇಕು. ನನಗೆ ತಡವಾಗಿಯಾದರೂ ಹೊಳೆದಿತ್ತು: ನೀಲಿ ಮರಿಗಳು ಬೆಳೆಯುತ್ತಿರುವುದು ಬಕೆಟ್ ಪದ್ಧತಿಯಿಂದಲ್ಲ, ಈ ಮನುಷ್ಯನ ಕೈಯಿಂದ. ಈ ದೊಡ್ಡ ಸಂಶೋಧನೆಯನ್ನು ಹೊತ್ತುಕೊಂಡು ಡಾಕ್ಟರ ಕೋಣೆಗೆ ಹೋದೆ. ಅವರು ತಾಳ್ಮೆಯಿಂದ ಕೇಳಿದರು. ಗೋಡೆಯ ಮೇಲಿದ್ದ ತಮ್ಮ ಪಟ್ಟಿಯ ಮುಂದೆ ನನ್ನನ್ನು ನಿಲ್ಲಿಸಿದರು. ವಯಸ್ಸು, ಹುಟ್ಟಿದ ತೂಕ, ಕುಡಿದ ಹಾಲು, ತಿಂದ ಹುಲ್ಲು, ಏರಿದ ತೂಕ. ಮನುಷ್ಯನನ್ನ ಯಾವ ಕಾಲಮ್ಮಿಗೆ ಹಾಕಲಿ, ತೋರಿಸಿ ಅಂದರು. ನಾನು ನಿಜಕ್ಕೂ ಹುಡುಕಿದೆ. ಜಾಗ ಇರಲಿಲ್ಲ.

“ಆ ಒಂಬತ್ತು ಗಂಟೆ ಗಲಾಟೆ ನಂಗೂ ಇಷ್ಟಾನೇ ಕಣ್ರೀ” ಅಂದರು ಡಾಕ್ಟರು, ಕಿಟಕಿಯ ಕಡೆ ನೋಡುತ್ತ. “ಅದಕ್ಕೂ ಕಾಲಂ ಇಲ್ಲ.”

ಅವರ ಮೇಲೆ ಸಿಟ್ಟು ಮಾಡಿಕೊಂಡೇ ಒಳಗೆ ಹೋಗಿದ್ದ ನನಗೆ, ಹೊರಗೆ ಬರುವಾಗ ಆ ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ.

ನಲವತ್ತೈದನೆಯ ದಿನ ತೂಗಿದರು. ಕೆಂಪು ಹದಿನಾರು ಕಿಲೋ ಚಿಲ್ಲರೆ. ಹಳದಿ ಹದಿನೈದು ಕಿಲೋ ಇನ್ನೂರು ಗ್ರಾಂ. ನೀಲಿ ಹದಿನಾಲ್ಕೂವರೆ. ಒಂದು ಕಿಲೋ ಅಂತರ ಇದ್ದರೂ ಸಾಕು ಅಂದಿದ್ದರಲ್ಲ, ಇದ್ದದ್ದು ಏಳುನೂರು ಗ್ರಾಂ, ಮಿತಿಗಿಂತ ಮುನ್ನೂರು ಗ್ರಾಂ ಕಡಿಮೆ. ಮುನ್ನೂರು ಗ್ರಾಂ ಅಂದರೆ ಎಷ್ಟು ಎಂದು ನಾನು ಕೇಳಿದ್ದಕ್ಕೆ, ಒಂದು ಮರಿಗೆ ಒಂದು ದಿನದ ಬೆಳವಣಿಗೆ ಅಂದರು ನಲವತ್ತೊಂದು. ದನಿಯಲ್ಲಿ ಹೆಮ್ಮೆ ಇತ್ತು. ಹೆಮ್ಮೆ ಇದ್ದದ್ದು ಅವರಿಗೇ ಕೇಳಿಸಿತೋ ಏನೋ, ತಕ್ಷಣ ತಕ್ಕಡಿಯ ಹಗ್ಗ ಸುತ್ತತೊಡಗಿದರು.

ಮಾರನೆಯ ಬೆಳಿಗ್ಗೆ ಲಾರಿ ಬಂತು. ಕೆಂಪು ಮರಿಗಳನ್ನು ಹತ್ತಿಸಲು ನಾಲ್ಕು ಜನ ಬೇಕಾದರು. ಮರಿ ಈಚೆ ಒದೆಯುವುದು, ತಾಯಿ ಆಚೆ ಗುದ್ದುವುದು. ಹಳದಿಯೂ ಹಾಗೇ. ನೀಲಿಗೆ ಅಷ್ಟು ಜನ ಯಾಕೆ, ಕೋಟು ಹಾಕಿಕೊಂಡು ನೀವು ಮುಂದೆ ನಡೆದರೆ ಸಾಕು ಅಂದರು ಡಾಕ್ಟರು. ನಲವತ್ತೊಂದು ಕೋಟು ಬಿಚ್ಚಿ ಕಾವಲುಗಾರನಿಗೆ ತೊಡಿಸಿದರು. ತೋಳು ಗಿಡ್ಡವಾಯಿತು, ಆದರೂ ಬಿಳಿ ಬಿಳಿಯೇ. ಕಾವಲುಗಾರ ಹಲಗೆಯ ಮೇಲೆ ನಡೆದು ಲಾರಿಯೊಳಗೆ ನಿಂತ. ಹತ್ತೂ ಮರಿ ಹಲಗೆಯವರೆಗೆ ಹೋಗಿ, ಕೋಟಿನ ಕಡೆ ಮೂತಿ ಎತ್ತಿ ಮೂಸಿ, ಸುಮ್ಮನೆ ತಿರುಗಿ ಬಂದು ಅಂಗಿಯಲ್ಲಿ ನಿಂತಿದ್ದ ನಲವತ್ತೊಂದರ ಮೊಣಕಾಲಿಗೆ ಒತ್ತಿಕೊಂಡವು. ಮರಿಗಳು ಗುರುತು ಹಿಡಿಯುವುದು ಕೋಟನ್ನು ಎಂಬ ಡಾಕ್ಟರ ಸಿದ್ಧಾಂತ ಅಲ್ಲೇ ಬಿದ್ದುಹೋಯಿತು. ಯಾರೂ ಬರೆದುಕೊಳ್ಳಲಿಲ್ಲ.

ಕೊನೆಗೆ ಅವರೇ ನಡೆದರು. ಮರಿಗಳು ಸಾಲಾಗಿ ಹಿಂದೆ ಹತ್ತಿದವು, ಒಂದೂ ತಕರಾರು ಮಾಡಲಿಲ್ಲ. ಇಳಿಯುವಾಗ ಅವರು ಒಂದೊಂದನ್ನೂ ದಾಟಿಕೊಂಡು ಬರಬೇಕಾಯಿತು. ಲಾರಿಯ ಬಾಗಿಲು ಹಾಕಿದವನು ಡ್ರೈವರು.

ಮಾಂಸದ ಲೆಕ್ಕ ವಾರದಲ್ಲಿ ಬಂತು. ತಾಯಿಹಾಲು ಕುಡಿದ ಕೆಂಪು ಮರಿಗಳಲ್ಲಿ ಮೂತ್ರಪಿಂಡದ ಸುತ್ತ ಕೊಬ್ಬು ಜಾಸ್ತಿ, ನೀಲಿಯದರಲ್ಲಿ ಕಡಿಮೆ. ಕೊಬ್ಬು ಕಡಿಮೆ ಇರುವುದೇ ಇಂದಿನ ಬೇಡಿಕೆ ಎಂದು ಡಾಕ್ಟರು ಬರೆಸಿದರು. ‘ಬಕೆಟ್ ಪದ್ಧತಿಯಲ್ಲೂ ಮರಿಗಳು ತೃಪ್ತಿಕರವಾಗಿ ಬೆಳೆಯುತ್ತವೆ’ ಎಂದು ನಾನು ನನ್ನ ಹೆಸರಾಂತ ಸರಳ ಭಾಷೆಯಲ್ಲಿ ಬರೆದೆ. ಬಾಲದ ಬುಡ ಕೆರೆಯಬೇಕು ಎಂದು ಒಂದು ಸಾಲು ಸೇರಿಸಿದ್ದೆ. ಅದು ಗಂಭೀರವಾಗಿಲ್ಲ ಎಂದು ಹೊಡೆದುಹಾಕಿದರು. ‘ದಿನಕ್ಕೆ ಐದು ಸಲ, ಅದರಲ್ಲಿ ಒಂದು ಬೆಳಿಗ್ಗೆ ಒಂಬತ್ತಕ್ಕೆ’ ಎಂಬುದು ಮಾತ್ರ ಉಳಿಯಿತು. ಒಂಬತ್ತೇ ಯಾಕೆ ಎಂದು ಪುಸ್ತಕ ಓದಿದ ಯಾರೂ ಇವತ್ತಿನವರೆಗೆ ಕೇಳಿಲ್ಲ.

ಬಾಗಿಲಿಗೆ ಇಟ್ಟಿಗೆ ಇಡಲು ಗಾರೆಯವನಿಗೆ ಒಂದೂವರೆ ದಿನ ಹಿಡಿಯಿತು. ಆಚೆಯಿಂದ ಆತನಿಗೆ ನೀರು ಕೊಟ್ಟದ್ದು ಹೆಂಡತಿ, ಈಚೆಯಿಂದ ಇಟ್ಟಿಗೆ ಎತ್ತಿಕೊಟ್ಟದ್ದು ಗಂಡ. ಕೊನೆಯ ಸಾಲು ಏರುವ ಮೊದಲು ಆಕೆ ಸಂದಿಯಲ್ಲಿ ಇಣುಕಿ, “ಇನ್ನೊಂದೆರಡು ಸಲ ಕೆರೀಬೇಕಿತ್ತು ಬಾಲ” ಅಂದರು. ಅವರು ನಕ್ಕರು. ಗಾರೆಯವನಿಗೆ ಅರ್ಥವಾಗದೆ ಅವನೂ ನಕ್ಕ.

ಮುಂದಿನ ಸಲ ಮರಿ ಹಾಕುವ ಕಾಲಕ್ಕೆ ಮತ್ತೆ ಹೋಗಿದ್ದೆ. ಪುಸ್ತಕದ ಪ್ರತಿ ಕೊಡುವ ನೆಪ. ಕೊಟ್ಟಿಗೆಯಲ್ಲಿ ಅರವತ್ತು ಮರಿ, ಸಾಲಾಗಿ ಆರು ಬಕೆಟ್ಟು, ಜೇಬು ಹರಿದ ಅದೇ ಕೋಟು. ಅಗುಳಿಯ ಮರವನ್ನು ಅವರು ಬಿಸಾಡದೆ ಬಕೆಟ್ ನೇತುಹಾಕಲು ಗೋಡೆಗೆ ಹೊಡೆದಿದ್ದರು. ಒಂಬತ್ತಕ್ಕೆ ಇನ್ನು ಎರಡು ನಿಮಿಷ ಇತ್ತು. ಅವರು ಪ್ರತಿಯನ್ನು ತೆಗೆದುಕೊಂಡು, ಹೊದಿಕೆಯ ಮೇಲಿನ ಮರಿಯ ಚಿತ್ರ ನೋಡಿ, ಇದಕ್ಕೆ ಭೇದಿ ಇದೆ ಅಂದರು. ಪುಸ್ತಕ ಕೋಟಿನ ಜೇಬು ಸೇರಿತು. ಎರಡು ಮರಿ ತಕ್ಷಣ ಅದನ್ನು ಓದತೊಡಗಿದವು.

ನಾನು ಸುಮ್ಮನಿರಬಹುದಿತ್ತು. ಆದರೆ ಒಂದು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ, ನಾಲಿಗೆ ತಡೆಯಲಿಲ್ಲ. ಬರೀ ಮುನ್ನೂರು ಗ್ರಾಂ ತಾನೇ, ಆ ಬಾಗಿಲಿಗೋಸ್ಕರವಾದರೂ ಒಂಚೂರು ಕೆಟ್ಟದಾಗಿ ಸಾಕಬಹುದಿತ್ತಲ್ಲ ಎಂದು ಕೇಳಿಬಿಟ್ಟೆ.

ಅವರು ಎರಡೂ ಕೈಯಲ್ಲಿ ಬಕೆಟ್ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

“ಹಸಿದಿದ್ದು ಮರಿ ಸಾರ್, ಬಾಗಿಲಲ್ಲ. ಸ್ವಲ್ಪ ಆ ಕಡೆ ಸರೀರಿ, ಹಾಲು ಆರ್ತಾ ಇದೆ.”